ಮಾಸ್ತರ ಹಾರ್ಮೋನಿಯಂ ನೋಡಲು ಹೋದಾಗ

ಶುಕ್ರವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ನಡೀತಿರುವಾಗ ಊರಿಂದ ಅವ್ವನ ಫೋನು. "ಮಾಸ್ತರ ಕಾಲು ಹಾರ್ಮೋನಿಯಂ ಮಾರ್ತಾರಂತೆ. ನಿಂಗೇನಾದ್ರೂ ಬೇಕಿತ್ತೇನೋ?" ಮೀಟಿಂಗ್ ಮ್ಯೂಟ್ ಮಾಡಿ ಹೇಳಿದೆ: "ಯಾರಿಗೂ ಕೊಡಬ್ಯಾಡ್ರಿ ಅನ್ನು. ನಾಳೆ ಬರ್ತೀನಿ."

ನಮ್ಮೂರು ಗುಡೇಕೋಟೆ, ಕೂಡ್ಲಿಗಿ ತಾಲ್ಲೂಕು. ನಾನು ಹುಟ್ಟಿದಾಗ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಬಂಡೆಗುಡ್ಡ, ಪಾಳೆಯಗಾರರ ಕೋಟೆ, ಕರಡಿಧಾಮ, ಹೊರಗಿನವರಿಗೆ ಊರು ಗೊತ್ತಿರೋದು ಇಷ್ಟಕ್ಕೆ. ನನಗೆ ಮಾತ್ರ ಊರು ಅಂದ್ರೆ ರಾತ್ರಿಯಿಡೀ ನಡೆಯೋ ನಾಟಕ. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ' ಆಡದ ಹಳ್ಳಿ ನಮ್ಮ ಕಡೆ ಕಡಿಮೆ. ಹಗಲು ಹೊಲದಲ್ಲಿ ಶೇಂಗಾ ಕೀಳೋರು ರಾತ್ರಿ ಶಕುನಿ, ಅಶ್ವತ್ಥಾಮ. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರೋರು. ಇವರೆಲ್ಲರನ್ನೂ ಬೆಳಗಿನವರೆಗೆ ಹಿಡಿದು ನಿಲ್ಲಿಸ್ತಿದ್ದವರು ಸ್ಟೇಜಿನ ಮುಂದೆ ಕೂತ ಹಾರ್ಮೋನಿಯಂ ಮಾಸ್ತರು.

ನಮ್ಮಪ್ಪ ಒಂದು ವರ್ಷ ಭೀಮ ಆಗಿದ್ದ. ಹಾಡಿನ ಎರಡನೇ ಸಾಲು ಮರೆತು ಗದೆ ಹಿಡಿದು ನಿಂತುಬಿಟ್ಟ. ಮಾಸ್ತರು ಮೊದಲ ಸಾಲನ್ನೇ ಇನ್ನೊಂದು ಸುತ್ತು ನುಡಿಸಿ, ಎರಡನೇದನ್ನ ತಾವೇ ಎತ್ತಿಕೊಟ್ರು. ಅಪ್ಪ ಹಿಡಿದುಕೊಂಡ. ಮುಂದೆ ಕೂತ ಜನಕ್ಕೆ ಗೊತ್ತೇ ಆಗಲಿಲ್ಲ. ಅಪ್ಪ ಸಾಯೋವರೆಗೂ ಇದನ್ನ ಹೇಳಿಕೊಂಡು ನಗ್ತಿದ್ದ. ಆ ಪೆಟ್ಟಿಗೆ ನನಗೆ ಬೇಕಾಗಿದ್ದು ಅದಕ್ಕೇ.

ಭಜನೆ ಹಾರ್ಮೋನಿಯಂ ಎಲ್ಲರೂ ನೋಡಿರ್ತೀರಿ. ಒಂದು ಕೈ ತಿದಿ ಒತ್ತಬೇಕು, ನುಡಿಸೋಕೆ ಉಳಿಯೋದು ಇನ್ನೊಂದೇ ಕೈ. ಕಾಲು ಹಾರ್ಮೋನಿಯಂಗೆ ಕೆಳಗೆ ಪೆಡಲ್ ಇರುತ್ತೆ. ಗಾಳಿ ಕಾಲಿನ ಕೆಲಸ, ಎರಡೂ ಕೈ ಖಾಲಿ. ಮೈಕ್ ಇಲ್ಲದ ಕಾಲದಲ್ಲಿ ನಾಟಕಕ್ಕೆ ಇಂಥ ಜೋರು ದನಿಯೇ ಬೇಕಿತ್ತು. ಕೆಲಸ ಮುಗಿದ ಮೇಲೆ ಕಾಲು ಮಡಚಿದ್ರೆ ದೊಡ್ಡ ಟ್ರಂಕಿನ ಹಾಗೆ ಗಾಡಿಗೆ ಏರಿಸಬಹುದು. ಅಸಲಿಗೆ ಹಾರ್ಮೋನಿಯಂ ಹುಟ್ಟಿದ್ದೇ ಕಾಲಿನದಾಗಿ. 1840ರ ದಶಕದಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡರ್ ಡೆಬೇನ್ ಅದಕ್ಕೆ ಪೇಟೆಂಟ್ ತಗೊಂಡ. ಅದನ್ನ ನೆಲದ ಮೇಲೆ ಕೂತು ನುಡಿಸೋ ಕೈಪೆಟ್ಟಿಗೆ ಮಾಡಿದ ಹೆಸರು ಕಲ್ಕತ್ತಾದ ದ್ವಾರಕಾನಾಥ ಘೋಷರದ್ದು. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕೆ ಬರಲ್ಲ, ಗಮಕ ಇಲ್ಲ ಅನ್ನೋದು ದೂರು. ನಾಟಕದ ಮಾಸ್ತರುಗಳಿಗೆ ಈ ದೂರು ತಟ್ಟಲೇ ಇಲ್ಲ.

ನಾನು ಆಫೀಸಿನ ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್ ನುಡಿಸ್ತೀನಿ. ಒಮ್ಮೆ ಹಳೇ ಜಪಾನ್ ಬೇಸ್ ಒಂದನ್ನ ಬರೀ ಬಣ್ಣ ನೋಡಿ ಕೊಂಡಿದ್ದೆ. ಮನೆಗೆ ತಂದ ಮೇಲೆ ಗೊತ್ತಾಯ್ತು, ಅದರ ಕತ್ತು ಬಾಗಿತ್ತು. ಹಾಗಾಗಿ ಈ ಸಲ ಟಾರ್ಚು, ಸ್ಕ್ರೂಡ್ರೈವರ್, ಫೋನಿನಲ್ಲಿ ಟ್ಯೂನರ್ ಆ್ಯಪ್, ಜೊತೆಗೊಂದು ಚೆಕ್‌ಲಿಸ್ಟ್ ಇಟ್ಟುಕೊಂಡು ಹೋದೆ.

ಮಾಸ್ತರು ತೀರಿಹೋಗಿ ನಾಲ್ಕು ವರ್ಷ. ಮಗ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿಟ್ಟಿದ್ರು. "ಮಗಳದು ನರ್ಸಿಂಗ್ ಫೀಜು ಕಟ್ಟಬೇಕು ತಮ್ಮಾ. ಈಗ ನಾಟಕಕ್ಕೂ ಕೀಬೋರ್ಡೇ ತರಸ್ತಾರ. ಇಪ್ಪತ್ತೈದು ಸಾವಿರ ಕೊಡು" ಅಂದ್ರು.

ನಾನು ಕೆಲಸ ಶುರು ಮಾಡಿದೆ. ಮೊದಲು ತಿದಿ. ಯಾವ ಕೀಯನ್ನೂ ಮುಟ್ಟದೆ ಪೆಡಲ್ ತುಳಿದು ಗಾಳಿ ತುಂಬಿಸಬೇಕು, ಕಾಲು ತೆಗೆದು ಎಣಿಸಬೇಕು. ಬೇಗ ಇಳಿದುಹೋದರೆ ಎಲ್ಲೋ ಸೋರುತ್ತಿದೆ ಅಂತ. ಹತ್ತು ಎಣಿಸೋದರೊಳಗೆ ಇಳಿದುಬಿಡ್ತು. ಟಾರ್ಚ್ ಹಿಡಿದು ನೋಡಿದ್ರೆ ಒಂದು ಮೂಲೆಯಲ್ಲಿ ಇಲಿ ಕಡಿದಿತ್ತು, ಮಡಿಕೆಗಳಲ್ಲಿ ತೊಗಲು ಬಿರುಕು ಬಿಟ್ಟಿತ್ತು. ಆಮೇಲೆ ಕೀಗಳು. ಒಂದು ಕೀ ಮುಟ್ಟದಿದ್ರೂ 'ಸೊಂಯ್' ಅಂತಿತ್ತು: ಕೆಳಗಿನ ಸ್ಪ್ರಿಂಗ್ ಸಡಿಲ, ಇಲ್ಲಾ ತೂತು ಮುಚ್ಚೋ ಮೆತ್ತೆ ಸವೆದಿದೆ. ಬಲಗಾಲಿನ ಪೆಡಲ್ ಪಟ್ಟಿ ಹರಿಯೋ ಹಾಗಿತ್ತು. ತಳದ ಹಲಗೆಗೆ ಗೆದ್ದಲು ಹತ್ತಿ ನಿಂತ ಗುರುತು. ಪ್ರತಿಯೊಂದನ್ನೂ ಜೋರಾಗಿ ಹೇಳ್ತಾ ಹೋದೆ. ಅಣ್ಣ ಪ್ರತಿಸಲಕ್ಕೂ "ಹೌದೇನಪಾ" ಅಂತಿದ್ರು.

ನಂತರ ಟ್ಯೂನರ್. ಎಲ್ಲಾ ಸ್ವರವೂ ಸ್ವಲ್ಪ ಏರು ಅಂತ ತೋರಿಸ್ತು. ಇದು ದೋಷ ಅಲ್ಲ, ನನಗೆ ಗೊತ್ತಿತ್ತು. ಆ್ಯಪ್ ಅಳೆಯೋದು ಇವತ್ತಿನ 440 ಹರ್ಟ್ಸ್ ಲೆಕ್ಕದಲ್ಲಿ, ಹಳೇ ಪೆಟ್ಟಿಗೆಗಳ ಶ್ರುತಿ ಅದಕ್ಕೆ ಕೂಡಲೇಬೇಕು ಅಂತಿಲ್ಲ. ಎಲ್ಲಾ ಒಟ್ಟಿಗೆ ಏರಿದ್ರೆ ಚಿಂತೆ ಇಲ್ಲ. ಒಂದೆರಡು ಮಾತ್ರ ಇಳಿದಿದ್ರೆ ಆ ರೀಡ್ ಬಿರುಕು ಬಿಟ್ಟಿರಬಹುದು ಅಂತ ಹೆದರಬೇಕು. ಇಲ್ಲಿ ಒಂದೂ ಇಳಿದಿರಲಿಲ್ಲ. ಆದ್ರೂ ನಾನು ಫೋನ್ ತಿರುಗಿಸಿ ಆ ಕೆಂಪು ಬಣ್ಣ ತೋರಿಸಿದೆ. "ನೋಡಣ್ಣ, ಒಂದೂ ಸರಿ ಕೂಡ್ತಾ ಇಲ್ಲ" ಅಂದೆ.

ಕೊನೆಗೆ ಮೇಲಿನ ಹಲಗೆ ಬಿಚ್ಚಿದೆ. ಒಳಗೆ ಮೂರು ಸಾಲು ರೀಡು, ನಮ್ಮವರು ಹೇಳೋ ಹಾಗೆ ಬೇಸ್, ಮೇಲ್, ಫೀಮೇಲ್. ರೀಡ್ ಅಂದ್ರೆ ಹಿತ್ತಾಳೆ ಪಟ್ಟಿಗೆ ಒಂದು ತುದಿ ಬಡಿದ ತೆಳು ನಾಲಿಗೆ, ಗಾಳಿ ಹೊಡೆದಾಗ ಅದು ನಡುಗಿ ದನಿ ಬರುತ್ತೆ. ಹಾರ್ಮೋನಿಯಂನ ಜೀವ ಇರೋದೇ ಅಲ್ಲಿ. ಮರ, ತೊಗಲು, ಸ್ಪ್ರಿಂಗು ಎಲ್ಲಾ ಬದಲಾಯಿಸಬಹುದು. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತೆ, ಬುಡ ಕೆರೆದರೆ ಇಳಿಯುತ್ತೆ. ಪದೇ ಪದೇ ಕೆರೆದ ರೀಡು ತೆಳ್ಳಗಾಗಿ ಸಾಯುತ್ತೆ. ಅದಕ್ಕೇ ಅರದ ಗುರುತು ಹುಡುಕಬೇಕು, ನಡುವೆ ಬೇರೆ ಬಣ್ಣದ ಹೊಸ ರೀಡ್ ಸೇರಿಸಿದ್ದಾರಾ ನೋಡಬೇಕು. ಈಗ ನಮ್ಮಲ್ಲಿ ರೀಡ್ ಮಾಡೋಕೆ ಗುಜರಾತಿನ ಪಾಲಿಟಾಣ ಹೆಸರುವಾಸಿ. ಹಳೇ ಜರ್ಮನ್, ಪ್ಯಾರಿಸ್ ರೀಡುಗಳನ್ನ ಮಾತ್ರ ತಿಳಿದವರು ಇವತ್ತಿಗೂ ಹುಡುಕಿಕೊಂಡು ಹೋಗ್ತಾರೆ.

ಮಾಸ್ತರ ಪೆಟ್ಟಿಗೆಯಲ್ಲಿದ್ದದ್ದು ಹಳೇ ಜರ್ಮನ್ ರೀಡು. ಮೂರೂ ಸಾಲು ಒಂದೇ ಬಣ್ಣ, ಒಂದೂ ಬದಲಾಗಿರಲಿಲ್ಲ, ಅರ ಮುಟ್ಟಿದ ಗುರುತು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಅವರು ಅದನ್ನ ಹೇಗೆ ಕಾಪಾಡಿದ್ರು ಅಂತ ಅಲ್ಲೇ ಗೊತ್ತಾಗ್ತಿತ್ತು. ಎದೆ ಢವಗುಟ್ಟಿತು.

"ಒಳಗ ಹೆಂಗೈತಿ?" ಅಂತ ಅಣ್ಣ ಕೇಳಿದ್ರು.

"ಧೂಳು ಬಹಳ ಐತಣ್ಣ" ಅಂದೆ. ಸುಳ್ಳಲ್ಲ, ಧೂಳಿತ್ತು. ಹಲಗೆ ಮುಚ್ಚಿದೆ.

ಹದಿನೇಳು ಸಾವಿರಕ್ಕೆ ವ್ಯವಹಾರ ಮುಗೀತು. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ಆಫೀಸಲ್ಲಿ ಸಂಬಳ ಮಾತಾಡುವಾಗ ಎಚ್‌ಆರ್ ನನಗೆಲ್ಲಾ ಹೇಳ್ತಾರಾ? ಕೊಳ್ಳೋನು ತನಗೆ ಗೊತ್ತಿರೋದನ್ನೆಲ್ಲಾ ಹೇಳಬೇಕು ಅಂತ ಎಲ್ಲಿದೆ? ಬೆಂಗಳೂರಿನಲ್ಲಿ ರಿಪೇರಿ ಮಾಡೋ ಹಿರಿಯರು ಹಲಗೆ ಬಿಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ್ರು. "ಈ ಪೆಟ್ಟಿಗೆ ಒಡೆದು ಬರೀ ರೀಡ್ ಮಾರಿದ್ರೂ ನೀವು ಕೊಟ್ಟ ದುಡ್ಡು ವಾಪಸ್ ಬರುತ್ತೆ" ಅಂದ್ರು. ಹೊಸ ತೊಗಲು, ಮೆತ್ತೆ, ಪಟ್ಟಿ ಹಾಕಿಕೊಟ್ರು. ರೀಡಿಗೆ ಬ್ರಷ್ ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ.

ಫ್ಲ್ಯಾಟಿನಲ್ಲಿ ಅದನ್ನ ನುಡಿಸಿದ ಮೊದಲ ರಾತ್ರಿ ಅಪ್ಪ ನೆನಪಾಗ್ತಾನೆ ಅಂದುಕೊಂಡಿದ್ದೆ. ನೆನಪಾಗಿದ್ದು "ಒಳಗ ಹೆಂಗೈತಿ" ಅನ್ನೋ ಮಾತು.

ಯುಗಾದಿಗೆ ಊರಿಗೆ ಹೋದಾಗ ಎಂಟು ಸಾವಿರ ಲಕೋಟೆಯಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ರೀಡಿನ ವಿಷಯ ಹೇಳಿದೆ, ಟ್ಯೂನರ್ ವಿಷಯವನ್ನೂ ಹೇಳಿದೆ. ಅಣ್ಣ ದುಡ್ಡು ಬೇಡ ಅನ್ನಲಿಲ್ಲ. ಎಣಿಸಿ ಜೇಬಿಗಿಟ್ಟುಕೊಂಡ್ರು. ಆಮೇಲೆ ಹೇಳಿದ್ರು:

"ಅವತ್ತೇ ಹೇಳಿದ್ರ ನಾನು ಮಾರ್ತಿರಲಿಲ್ಲ ತಮ್ಮಾ. ಫೀಜಿಗೆ ಬ್ಯಾರೆ ದಾರಿ ನೋಡ್ತಿದ್ದೆ. ನೀನು ಒಂದೊಂದೇ ಹೇಳ್ಕೋತ ಹೋದಿ ನೋಡು, ನಮ್ಮಪ್ಪ ಕಡೀ ಕಾಲಕ್ಕ ಪೆಟ್ಟಿಗಿ ಕೆಡಿಸಿಟ್ಟು ಹೋಗ್ಯಾನ ಅನ್ಕೊಂಡಿದ್ದೆ."

ಎಂಟು ಸಾವಿರದಲ್ಲಿ ತೀರೋ ಲೆಕ್ಕ ಅಂತ ನಾನು ಹೋಗಿದ್ದೆ. "ವಾಪಸ್ ತಂದುಕೊಡ್ತೀನಿ ಅಣ್ಣ" ಅಂದೆ. ಅವರು ಕಟ್ಟೆ ಮೇಲೆ ಕೂತು ಬಹಳ ಹೊತ್ತು ಯೋಚನೆ ಮಾಡಿದ್ರು. "ಬ್ಯಾಡ. ಇಲ್ಲಿ ಬಾರಿಸೋರು ಯಾರದಾರ? ಮತ್ತ ಇಲಿ ಪಾಲು. ನೀನ ಬಾರಿಸು, ಸುಮ್ನ ಇಡಬ್ಯಾಡ. ನಾಟಕ ಇದ್ದಾಗ ಹೇಳ್ತೀನಿ, ತಗೊಂಡು ಬಾ."

ಇನ್ನೂ ಹೇಳಿ ಕಳಿಸಿಲ್ಲ. ಪೆಟ್ಟಿಗೆ ಹಾಲ್‌ನಲ್ಲಿದೆ, ದಿನಾ ಅರ್ಧ ಗಂಟೆ ನುಡಿಸ್ತೀನಿ. ಕಪ್ಪು ಒಂದು, ಕಪ್ಪು ಎರಡರ ಸುತ್ತಲಿನ ಕೀಗಳು ಮಾಸ್ತರ ಬೆರಳಿಗೆ ಸವೆದು ಗುಳಿ ಬಿದ್ದಿವೆ. ಊರಿನ ಭೀಮ, ಶಕುನಿಗಳ ದನಿ ಅಲ್ಲೇ ಕೂರ್ತಿತ್ತು ಅಂತ ಕಾಣುತ್ತೆ.

ಆ ಚೆಕ್‌ಲಿಸ್ಟ್ ಈಗಲೂ ನನ್ನ ಫೋನಿನಲ್ಲಿದೆ. ಹಳೇ ವಾದ್ಯ ಕೊಳ್ಳೋ ಗೆಳೆಯರು ಕೇಳಿದ್ರೆ ಕಳಿಸ್ತೀನಿ. ತಿದಿ, ಕೀ, ಪೆಡಲ್, ಗೆದ್ದಲು, ಶ್ರುತಿ, ರೀಡು ಎಲ್ಲಾ ಇವೆ. ಯುಗಾದಿ ಆದಮೇಲೆ ಕೊನೆಗೆ ಒಂದು ಸಾಲು ಸೇರಿಸಿದ್ದೀನಿ: ಹಲಗೆ ಮುಚ್ಚೋ ಮುಂಚೆ, ಮಾರೋರನ್ನ ಕರೆದು ಒಳಗೆ ತೋರಿಸು.