ತಿಜೋರಿಯ ಮೇಲಿನ ಗೋಡೆ

ಮೈಸೂರಿನ ರಾಜೀವನಗರದ ನಮ್ಮ ಬೀದಿಯಲ್ಲಿ ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವೀಸಿನ ಹುಡುಗರಿಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಹೋದ ಸಲ ನನ್ನ ಹಳೇ ಸ್ಕೂಟರು ತೊಳೆಯಲು ನೂರಾ ಇಪ್ಪತ್ತು ಕೇಳಿದರು. ‘ನನ್ನ ಗಾಡಿಗೆ ಪೂಜೆ ಇಲ್ಲವಲ್ಲಪ್ಪ, ಮಾಮೂಲಿ ಎಂಬತ್ತು ತಗೋ’ ಅಂದೆ. ‘ಪೂಜೆ ನಿಮಗಿಲ್ಲ ದಾದಾ, ರಶ್ಶು ನಮಗಿದೆ’ ಅಂದ ಹುಡುಗ. ಕೊಟ್ಟು ಬಂದೆ. ಮೂವತ್ತೆಂಟು ವರ್ಷ ಸರ್ಕಾರಿ ಕಚೇರಿಯಲ್ಲಿ ಆಯುಧಪೂಜೆಯ ಲೆಕ್ಕ ಬರೆದವನು ನಾನು. ಹಬ್ಬದ ರೇಟಿನ ಬಗ್ಗೆ ನನಗೇ ಪಾಠ ಹೇಳಿದ.

ನಾನು ಗುಮಾಸ್ತನಾಗಿ ಸೇರಿದ್ದು 1973ರಲ್ಲಿ. ಸೇರಿದಾಗ ನಮ್ಮದು ಮೈಸೂರು ರಾಜ್ಯ, ನವೆಂಬರ್ ಒಂದಕ್ಕೆ ಕರ್ನಾಟಕ. ಅಚ್ಚಾಗಿ ಬಂದಿದ್ದ ನಮೂನೆಗಳನ್ನು ಎಸೆಯುವಂತಿರಲಿಲ್ಲವಾಗಿ ‘ಮೈಸೂರು’ ಅಂತಿದ್ದ ಕಡೆಯಲ್ಲೆಲ್ಲ ಗೀಟೆಳೆದು ‘ಕರ್ನಾಟಕ’ ಅಂತ ಬರೆಯುವುದೇ ನನ್ನ ಮೊದಲ ರಾಜಕಾರ್ಯವಾಯಿತು. ಕಚೇರಿಗೆ ಅದರದೇ ವಾಸನೆಯಿತ್ತು: ಕೆಂಪು ಬಟ್ಟೆಯ ಬಸ್ತಾದ ದೂಳು, ಗೋಂದು, ಸೈಕ್ಲೋಸ್ಟೈಲ್ ಮಸಿ, ಮೂಲೆಯ ಹೂಜಿಯ ಹಸಿ ಮಣ್ಣು, ಇದೆಲ್ಲದರ ಮೇಲೆ ಕರ್ಪೂರ. ಕರ್ಪೂರ ಹೊರಡುತ್ತಿದ್ದುದು ತಿಜೋರಿಯ ಮೇಲಿನ ಗೋಡೆಯಿಂದ. ಅಲ್ಲಿ ಕಟ್ಟು ಹಾಕಿಸಿದ ಲಕ್ಷ್ಮಿಯ ಪಟವಿತ್ತು. ಡವಾಲಿ ಹಾಕಿದ ನಮ್ಮ ಜವಾನರು ಬೆಳಿಗ್ಗೆ ಹತ್ತಕ್ಕೆ ಬಂದು ಹೂ ಬದಲಿಸಿ, ಊದುಬತ್ತಿ ಹಚ್ಚಿ, ಕರ್ಪೂರ ಬೆಳಗಿ, ಎಲ್ಲರ ಮೇಜಿಗೂ ಆರತಿ ತರುತ್ತಿದ್ದರು. ನನ್ನ ಮೇಜಿನ ಹತ್ತಿರ ಬಂದಾಗ ಒಂದು ಗಳಿಗೆ ನಿಲ್ಲುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ತಲೆಬಾಗುತ್ತಿದ್ದೆ. ಅವರು ಮುಂದಕ್ಕೆ ಹೋಗುತ್ತಿದ್ದರು. ಇಷ್ಟು ಒಪ್ಪಂದ ಯಾರೂ ಬರೆಯದೆ, ಯಾರೂ ರುಜು ಹಾಕದೆ ಆಗಿಹೋಗಿತ್ತು.

ಮರುವರ್ಷ ಆಯುಧಪೂಜೆಯ ಚಂದಾಪುಸ್ತಕವನ್ನು ಹೆಡ್ ಗುಮಾಸ್ತರು ನನ್ನ ಕೈಗೇ ಕೊಟ್ಟರು. ‘ಸಾಬ್ರೇ, ನೀವೇ ಇಟ್ಕೊಳ್ಳಿ. ನಮ್ಮೋರ ಕೈಲಿದ್ರೆ ಪೂಜೆಗೆ ಮುಂಚೆನೇ ಬೋಂಡಾ ಕಾಫಿಗೆ ಹೋಗಿಬಿಡುತ್ತೆ’ ಅಂದರು. ತಲಾ ಎರಡು ರೂಪಾಯಿ, ಆಫೀಸರರದು ಹತ್ತು. ದೇವರಾಜ ಮಾರುಕಟ್ಟೆಗೆ ಹೋಗಿ ಸೇವಂತಿಗೆಯನ್ನು ಮಾರಿನ ಲೆಕ್ಕದಲ್ಲಿ ಅಳೆಸಿದೆ, ಮಾರಿಗೆ ಎಂಟಾಣೆ. ಬೂದುಗುಂಬಳ ಒಂದೂಕಾಲು ರೂಪಾಯಿ. ಬಾಳೆಕಂದು ಜೋಡಿಗೆ ಒಂದು ರೂಪಾಯಿ. ಕಡ್ಲೆಪುರಿಯನ್ನು ಸೇರಿನಲ್ಲಿ ಅಳೆದು ಗೋಣಿಚೀಲಕ್ಕೆ ಸುರಿದರು. ಉಳಿದ ನಾಲ್ಕಾಣೆಗೂ ರಸೀತಿ ಸಹಿತ ಲೆಕ್ಕ ಒಪ್ಪಿಸಿದೆ. ಆ ನಾಲ್ಕಾಣೆ ನೋಡಿ ಹೆಡ್ ಗುಮಾಸ್ತರು ಕಣ್ಣರಳಿಸಿದ್ದು ನೆನಪಿದೆ. ಆಮೇಲೆ ನಿವೃತ್ತಿಯವರೆಗೆ, ವರ್ಗವಾದ ಕಡೆಯಲ್ಲೆಲ್ಲ, ಈ ಖಾತೆ ನನ್ನನ್ನು ಬಿಡಲಿಲ್ಲ.

ಆದರೆ ಒಳಗೊಳಗೇ ನನಗೊಂದು ಕಸಿವಿಸಿಯಿತ್ತು. ವಯಸ್ಸು ಇಪ್ಪತ್ತೈದು, ಕಾಯಿದೆ ಪುಸ್ತಕ ಓದುವ ಚಟ. 1976ರಲ್ಲಿ ಪಾರ್ಲಿಮೆಂಟು 42ನೇ ತಿದ್ದುಪಡಿ ಮಾಡಿ ಸಂವಿಧಾನದ ಪೀಠಿಕೆಗೆ ‘ಸೆಕ್ಯುಲರ್’ ಸೇರಿಸಿತಲ್ಲ, ಅದನ್ನು ಓದಿ ನನಗೆ ತಡೆಯದಾಯಿತು. ಒಂದು ಟಿಪ್ಪಣಿ ಬರೆದೆ. ತಿಜೋರಿಯ ಮೇಲಿನ ಪಟವು ಸದರಿ ತಿದ್ದುಪಡಿಯ ಆಶಯಕ್ಕೆ ಅನುಗುಣವಾಗಿದೆಯೇ ಎಂಬ ಬಗ್ಗೆ ಸೂಕ್ತ ಆದೇಶಕ್ಕಾಗಿ ಮಂಡಿಸಿದೆ, ಅಂತ. ಎರಡು ಸಲ ಕರಡು ತಿದ್ದಿ, ರೆಮಿಂಗ್ಟನ್ನಿನಲ್ಲಿ ಟೈಪು ಮಾಡಿಸಿ, ಕಡತಕ್ಕೆ ಟ್ಯಾಗು ಹಾಕಿ ಕಳಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಕೆಲಸ ಹೋದರೆ ಅಬ್ಬಾಗೆ ಏನು ಹೇಳುವುದು? ಮೂರನೇ ದಿನ ಕಡತ ವಾಪಸು ಬಂತು. ಹಸಿರು ಮಸಿಯಲ್ಲಿ ಆಫೀಸರರು ಬರೆದಿದ್ದರು: ‘ನೋಡಿದೆ. ಕಡತದಲ್ಲಿಡಿ.’ ಹೆಡ್ ಗುಮಾಸ್ತರು ಮಾತ್ರ ನಕ್ಕರು. ‘ವಿಧಾನಸೌಧದ ನೆತ್ತಿ ಮೇಲೇ ಕೆಂಗಲ್ ಹನುಮಂತಯ್ಯನವರ ಕಾಲದಿಂದ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕೆತ್ತಿದೆ. ಅದನ್ನ ಒಡೆಸಿ ಬನ್ನಿ, ಇದನ್ನ ನಾನೇ ತೆಗೀತೀನಿ’ ಅಂದರು. ಯಾವ ದೇವರ ಕೆಲಸ ಅಂತ ಅಲ್ಲಿ ಬರೆದಿಲ್ಲ ಅಂತ ನನಗೆ ಹೊಳೆದದ್ದು ಮನೆಗೆ ಸೈಕಲ್ ತುಳಿಯುವಾಗ.

ಟಿಪ್ಪಣಿಯ ಸುದ್ದಿ ಜವಾನರಿಗೆ ಹೇಗೆ ತಲುಪಿತೋ. ಓದು ಬರದ ಹಿರಿಯರು ಅವರು. ನನ್ನ ಸಂಕಟವನ್ನು ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು: ಪಾಪ, ಸಾಬರ ದೇವರಿಗೆ ಗೋಡೆಯಲ್ಲಿ ಜಾಗ ಕೊಟ್ಟಿಲ್ಲ ಅಂತ ಬೇಜಾರು. ಮಾರನೇ ವಾರ ಮಂಡಿ ಮೊಹಲ್ಲಾದ ಒಂದು ಬೀಡಿ ಅಂಗಡಿಯಿಂದ ಕಾಬಾದ ಚಿತ್ರದ ಕ್ಯಾಲೆಂಡರು ಬೇಡಿ ತಂದು ಲಕ್ಷ್ಮಿಯ ಪಕ್ಕ ಮೊಳೆ ಹೊಡೆದರು. ನಾನು ಶುಕ್ರವಾರ ನಮಾಜು ಮುಗಿಸಿ ಬಂದು ನೋಡಿದರೆ ಕಾಬಾಕ್ಕೆ ಸೇವಂತಿಗೆ ಹಾರ ಹಾಕಿದೆ, ನಟ್ಟನಡುವೆ ಹೆಬ್ಬೆರಳಗಲ ಕುಂಕುಮ! ‘ಅಯ್ಯೋ, ನಮ್ಮಲ್ಲಿ ಕುಂಕುಮ ಇಡಲ್ಲ, ಹೂನೂ ಹಾಕಲ್ಲ’ ಅಂದೆ. ಅವರು ಹರಿವಾಣ ಹಿಡಿದುಕೊಂಡು ನಿಜವಾಗಿಯೂ ಗಾಬರಿಯಾದರು. ‘ಎಲ್ರಿಗೂ ಇಟ್ಟು ನಿಮ್ಮೋರಿಗೆ ಮಾತ್ರ ಬಿಟ್ರೆ ಪಂಕ್ತಿಭೇದ ಆಗಲ್ವಾ ಸಾಬ್ರೇ?’

ನಾನೇನು ಉತ್ತರ ಕೊಡಲಿ? ಮಾರನೇ ಬೆಳಿಗ್ಗೆ ಯಾರೂ ಬರುವ ಮುಂಚೆ ಹೋಗಿ, ಸ್ಟೂಲು ಹತ್ತಿ, ನನ್ನ ಕ್ಯಾಲೆಂಡರನ್ನೇ ಇಳಿಸಿ ಸುರುಳಿ ಸುತ್ತಿ ಮನೆಗೆ ಒಯ್ದೆ. ಲಕ್ಷ್ಮಿಯನ್ನು ಇಳಿಸಲು ಟಿಪ್ಪಣಿ ಬರೆದಿದ್ದ ಶೂರ ಕೊನೆಗೆ ಇಳಿಸಿದ್ದು ಕಾಬಾವನ್ನು. ‘ಸೆಕ್ಯುಲರ್’ ಅನ್ನುವುದಕ್ಕೆ ಕನ್ನಡದಲ್ಲಿ ಒಬ್ಬರು ಜಾತ್ಯತೀತ ಅಂದರು, ಒಬ್ಬರು ಧರ್ಮನಿರಪೇಕ್ಷ ಅಂದರು, ಇನ್ನೊಬ್ಬರು ಸರ್ವಧರ್ಮ ಸಮಭಾವ ಅಂದರು. ನಾನು ಎರಡನೆಯದನ್ನು ಕೇಳಿದ್ದೆ, ಜವಾನರು ಮೂರನೆಯದನ್ನು ಕೊಟ್ಟಿದ್ದರು.

ಈ ಕಥೆ ಕೇಳಿ ಅಬ್ಬಾ ನಗಲಿಲ್ಲ. ಅವರ ಕಾಲದವರಿಗೆ 1928 ಮರೆತಿರಲಿಲ್ಲ. ಆ ವರ್ಷ ಬೆಂಗಳೂರಿನ ಸುಲ್ತಾನಪೇಟೆಯಲ್ಲಿ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿಯ ಕುರಿತು ತಕರಾರು ಹುಟ್ಟಿ, ವಿದ್ಯಾರ್ಥಿಗಳು ಬೀದಿಗಿಳಿದು, ಗಲಭೆಯಾಗಿ, ಕೊನೆಗೆ ವಿಚಾರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲೇ ಸಮಿತಿ ನೇಮಕವಾಯಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ‘ದಿವಾನನಿಗೇ ತಲೆನೋವು ತಂದ ವಿಷಯಕ್ಕೆ ಎರಡನೇ ದರ್ಜೆ ಗುಮಾಸ್ತ ಟಿಪ್ಪಣಿ ಬರೀತಾನೆ’ ಅಂತ ಅಬ್ಬಾ ಅಮ್ಮಿಯ ಕಡೆ ನೋಡಿ ಹೇಳಿದರು. ನಿಮ್ಮ ಕಾಲದಲ್ಲಿ ಎಲ್ಲ ಸೌಹಾರ್ದವಾಗಿತ್ತು ಅಂತ ಈಗಿನ ಹುಡುಗರು ನನ್ನ ಬಾಯಲ್ಲಿ ಹೇಳಿಸಲು ನೋಡುತ್ತಾರೆ. ನಾನು ಈ 1928ರ ಕಥೆ ಹೇಳಿ ಅವರ ಉತ್ಸಾಹ ಇಳಿಸುತ್ತೇನೆ.

ಇನ್ನೊಂದು ವಿಚಿತ್ರವನ್ನು ನನ್ನ ಕಣ್ಣಾರೆ ಕಂಡೆ. ಹುಡುಗನಾಗಿದ್ದಾಗ ಸಯ್ಯಾಜಿರಾವ್ ರಸ್ತೆಯ ಅಂಗಡಿಯೊಂದರ ಜಗಲಿಯಲ್ಲಿ ನಾಲ್ಕಾಣೆ ಕೊಟ್ಟು ಕೂತು ಜಂಬೂಸವಾರಿ ನೋಡಿದ್ದೆ. ಚಿನ್ನದ ಅಂಬಾರಿಯಲ್ಲಿ ಜಯಚಾಮರಾಜ ಒಡೆಯರು ಕೂತಿದ್ದರು. 1971ರಲ್ಲಿ ರಾಜಧನ ರದ್ದಾಯಿತು, ದಸರಾ ಸರ್ಕಾರದ ನಾಡಹಬ್ಬವಾಯಿತು, ಅಂಬಾರಿಗೆ ಚಾಮುಂಡೇಶ್ವರಿ ಬಂದಳು. ಅರಸನ ಕಾಲದಲ್ಲಿ ಅಂಬಾರಿಯ ಮೇಲೆ ಮನುಷ್ಯನಿದ್ದ, ಪ್ರಜೆಗಳ ಸರ್ಕಾರ ಬಂದ ಮೇಲೆ ದೇವಿ ಕೂತಳು. ಇದನ್ನು ಆಗ ಯಾರೂ ಪ್ರಶ್ನೆ ಅಂತ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಬರುವಾಗ ಬತ್ತಾಸು ಕೊಂಡು ಬಂದೆ.

1994ರ ವಿಧಾನಸಭಾ ಚುನಾವಣೆಯಲ್ಲಿ ನನ್ನನ್ನು ಮತಗಟ್ಟೆ ಅಧಿಕಾರಿ ಮಾಡಿ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹಾಕಿದರು. ಹಿಂದಿನ ರಾತ್ರಿಯೇ ಪೆಟ್ಟಿಗೆ ಹೊತ್ತು ಹೋಗಿ, ಬೆಂಚು ಜೋಡಿಸಿ ಮಲಗಿದ್ದೆವು. ಬೆಳಿಗ್ಗೆ ಒಂದು ಪಕ್ಷದ ಏಜೆಂಟರು ಬಂದವರೇ ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಆಯಿಲ್ ಪೇಂಟಿನ ಸರಸ್ವತಿ, ಕೈಯಲ್ಲಿ ವೀಣೆ, ಕೆಳಗೆ ತಟ್ಟೆಯಗಲದ ಕಮಲ. ‘ಚಿಹ್ನೆ ಸಾರ್, ಚಿಹ್ನೆ!’ ಇನ್ನೊಂದು ಪಕ್ಷದವರು ‘ಸರಸ್ವತಿ ಮುಚ್ಚಿದ್ರೆ ಊರೇ ಎದ್ದು ಬರುತ್ತೆ’ ಅಂದರು. ಮತದಾನ ಶುರುವಾಗಲು ಇಪ್ಪತ್ತು ನಿಮಿಷ. ನಾನು ಬಿಸಿಯೂಟಕ್ಕಿಂತ ಹಿಂದಿನ ಕಾಲದ ಆ ಶಾಲೆಯಲ್ಲಿ ಒಲೆ ಹುಡುಕಿಸದೆ, ಎದುರು ಮನೆಯ ಅಜ್ಜಿಯಿಂದ ಒಂದು ಬೋಸಿಯಲ್ಲಿ ಮೈದಾ ಅಂಟು ಕಾಯಿಸಿ ತರಿಸಿದೆ. ಹಳೇ ದಿನಪತ್ರಿಕೆ ಹರಿದು ಕಮಲವನ್ನಷ್ಟೇ ಮುಚ್ಚಿದೆ. ಇಡೀ ದಿನ ಸರಸ್ವತಿ ದಿನಪತ್ರಿಕೆಯ ಮೇಲೆ ಕೂತು ವೀಣೆ ನುಡಿಸಿದಳು. ವಿದ್ಯಾದೇವತೆಗೆ ಅದೇನೂ ಅವಮಾನವಲ್ಲ ಅಂತ ಎರಡೂ ಕಡೆಯವರು ಒಪ್ಪಿದರು. ಸಂಜೆ ಶಾಲೆಯ ಮೇಷ್ಟ್ರು ಒದ್ದೆ ಬಟ್ಟೆಯಲ್ಲಿ ಒರೆಸಿ ಕಮಲ ಬಿಡಿಸಿದರು.

ರಾಜೀವನಗರಕ್ಕೆ ಮನೆ ಕಟ್ಟಿಕೊಂಡು ಬಂದದ್ದು ಆ ಚುನಾವಣೆಯ ಹಿಂದುಮುಂದಿನಲ್ಲೇ. ಸಿಟಿಯಿಂದ ಆಟೋ ಕರೆದರೆ ಬರಲು ಒಪ್ಪುತ್ತಿರಲಿಲ್ಲ. ಬಂದರೆ ಮೀಟರಿನ ಮೇಲೆ ಐದು ರೂಪಾಯಿ. ಗುರುವಾರ ಸಂಜೆ ಲೋಬಾನದ ಫಕೀರರು ನವಿಲುಗರಿ ಹಿಡಿದು ಅಂಗಡಿ ಅಂಗಡಿಗೆ ಹೊಗೆ ಹಾಕುತ್ತಿದ್ದರು. ಒಂದು ಸಲ ಅವರು ಸಿಟಿಯಲ್ಲಿ ನಮ್ಮ ಕಚೇರಿಗೂ ಬಂದರು. ಜವಾನರು ಒಳಗೆ ಕರೆದು, ತಿಜೋರಿಗೂ ಲಕ್ಷ್ಮಿಗೂ ಹೊಗೆ ಹಾಕಿಸಿ, ನಾಲ್ಕಾಣೆ ಕೊಟ್ಟು ಕಳಿಸಿದರು. ಕೊಟ್ಟದ್ದು ಆಯುಧಪೂಜೆಯ ಉಳಿಕೆಯಿಂದ. ನನ್ನ ಲೆಕ್ಕದಲ್ಲಿ ‘ಇತರೆ’ ಅಂತ ಬರೆದೆ.

2022ರಲ್ಲಿ ಮೊಮ್ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು. ತರಗತಿಯಲ್ಲಿ ಹಿಜಾಬಿನ ವಿಷಯಕ್ಕೆ ಬಂದ ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು ನಿಮಗೆ ನೆನಪಿರಬಹುದು. ಅವಳು ಗೇಟಿನ ಹತ್ತಿರ ಸ್ಕಾರ್ಫು ತೆಗೆದು, ಇಸ್ತ್ರಿ ಕೆಡದಂತೆ ನಾಲ್ಕು ಮಡಿಕೆ ಮಾಡಿ, ಟಿಫನ್ ಚೀಲದಲ್ಲಿಟ್ಟು ಪರೀಕ್ಷೆ ಬರೆದಳು. ಅವಳ ಗೆಳತಿ ಬರೆಯಲಿಲ್ಲ. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಅಷ್ಟರಲ್ಲಿ ಮೊಮ್ಮಗಳು ಕಾನೂನು ಓದಲು ಸೇರಿದ್ದಳು, ಗೆಳತಿಗೆ ಮದುವೆ ಗೊತ್ತಾಗಿತ್ತು.

ಕಾನೂನು ಓದುವ ಮಕ್ಕಳು ಮನೆಯಲ್ಲಿದ್ದರೆ ಊಟದ ಹೊತ್ತಿಗೆ ಪ್ರಪಂಚವೇ ದಸ್ತರ್‌ಖಾನಿನ ಮೇಲೆ ಬರುತ್ತದೆ. ಅಮೆರಿಕದ ಕೆಂಟಕಿಯಲ್ಲಿ ಶಾಲೆಯ ಕೋಣೆಗಳಲ್ಲಿ ಬೈಬಲಿನ ಹತ್ತು ಕಟ್ಟಳೆ ನೇತುಹಾಕಬೇಕೆಂಬ ಕಾನೂನನ್ನು 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೊಡೆದುಹಾಕಿತಂತೆ. ಇಟಲಿಯ ತರಗತಿಗಳ ಶಿಲುಬೆಯ ವಿಷಯದಲ್ಲಿ ಯುರೋಪಿನ ನ್ಯಾಯಾಲಯ 2009ರಲ್ಲಿ ತಪ್ಪು ಅಂದು, 2011ರಲ್ಲಿ ಇರಲಿ ಅಂದಿತಂತೆ. ಗೋಡೆಯ ಮೇಲಿನ ಶಿಲುಬೆ ಯಾರಿಗೂ ಏನೂ ಬೋಧಿಸದೆ ಸುಮ್ಮನಿರುವ ಚಿಹ್ನೆ ಅನ್ನುವುದು ವಾದ. ‘ನಿಮ್ಮ ಲಕ್ಷ್ಮಿ ಸುಮ್ಮನಿದ್ದಳಾ ನಾನಾ?’ ಅಂತ ಕೇಳಿದಳು. ಎಲ್ಲಿಯ ಸುಮ್ಮನೆ! ದಿನಕ್ಕೆ ಅರ್ಧ ಗಂಟೆ ಕಚೇರಿಯ ಸಮಯ, ವಾರಕ್ಕೆ ಎರಡು ಮಾರು ಹೂ, ಬಿಲ್ಲೆ ಕರ್ಪೂರ. ನಮ್ಮ ದೇವರುಗಳು ಸುಮ್ಮನಿದ್ದರೆ ಬೇಜಾರು ಮಾಡಿಕೊಳ್ಳುವಂಥವರು. ‘ನಿಮಗೆ ಬೇಡ ಅನ್ನಿಸಿರಲಿಲ್ಲವಾ?’ ಅಂದಳು. ಅನ್ನಿಸಿತ್ತು, ಕಡತದಲ್ಲಿದೆ ಅಂದೆ. ಅವಳು ನಗಲಿಲ್ಲ. ‘ನೀವು ಕೇಳದೆ ಇದ್ದದ್ದಕ್ಕೇ ಅವರೆಲ್ಲ ಅಷ್ಟು ಒಳ್ಳೆಯವರಾಗಿದ್ದರು’ ಅಂದಳು. ಪೂರಾ ನಿಜವಲ್ಲ, ಕೇಳಿಯೂ ಇದ್ದೆನಲ್ಲ. ಅರ್ಧ ನಿಜ ಅಂತ ಮಾತ್ರ ಒಪ್ಪಿಕೊಂಡು ಸಾರು ಬಡಿಸಿಕೊಂಡೆ.

ಸಂವಿಧಾನದ 27ನೇ ವಿಧಿ ಅವಳೇ ಹೇಳಿಕೊಟ್ಟದ್ದು: ಒಂದು ನಿರ್ದಿಷ್ಟ ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆ ಕೊಡಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ಕೆ.ಎಸ್.ಆರ್.ಟಿ.ಸಿ.ಯವರು ಆಯುಧಪೂಜೆಗೆ ಬಸ್ಸೊಂದಕ್ಕೆ ನೂರು ರೂಪಾಯಿ ಕೊಡುತ್ತಿದ್ದುದನ್ನು 2024ರಲ್ಲಿ ಇನ್ನೂರೈವತ್ತು ಮಾಡಿದರು. ಇದು 27ಕ್ಕೆ ಬರುತ್ತದೋ ಇಲ್ಲವೋ ಅಂತ ಅವಳು ಲೆಕ್ಕ ಹಾಕುತ್ತಿದ್ದರೆ, ಇನ್ನೂರೈವತ್ತಕ್ಕೆ ಒಂದು ಬಸ್ಸಿಗೆ ಬಾಳೆಕಂದು, ಹಾರ, ಕುಂಬಳ ಬರುತ್ತದೋ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಬರುವುದಿಲ್ಲ. ಚಾಲಕರು ಕೈಯಿಂದ ಹಾಕಲೇಬೇಕು. ಅದಕ್ಕೆ ಹಿಂದಿನ ವರ್ಷ ವಿಧಾನಸೌಧದ ಕಾರಿಡಾರುಗಳಲ್ಲಿ ರಾಸಾಯನಿಕ ಬಣ್ಣದ ಅರಿಸಿನ ಕುಂಕುಮ ಬಳಸಬೇಡಿ, ನೆಲಕ್ಕೆ ಕಲೆ ಹಿಡಿಯುತ್ತದೆ ಅಂತ ಸುತ್ತೋಲೆ ಬಂದು ದೊಡ್ಡ ಗದ್ದಲವಾಯಿತು. ನನಗೆ ಸುತ್ತೋಲೆ ಬರೆದ ಗುಮಾಸ್ತನ ಮೇಲೆ ಕನಿಕರ ಬಂತು. ಆತ ನೆಲ ನೋಡಿ ಬರೆದಿದ್ದಾನೆ, ಓದಿದವರು ಆಕಾಶ ನೋಡಿ ಓದಿದರು.

2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಚಾಮುಂಡಿಬೆಟ್ಟದಲ್ಲಿ ದಸರಾ ಉದ್ಘಾಟಿಸಿದಾಗ ನಾನು ಮನೆಯಲ್ಲಿ ಟೀವಿ ನೋಡುತ್ತ ಚಹಾ ಕುಡಿದಿದ್ದೆ, ಅಷ್ಟೆ. 2025ರಲ್ಲಿ ಅದೇ ಉದ್ಘಾಟನೆಗೆ ಲೇಖಕಿ ಬಾನು ಮುಷ್ತಾಕ್ ಅವರ ಹೆಸರು ಬಂದಾಗ ವಿಷಯ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 15ಕ್ಕೆ ಅಲ್ಲಿ ಅರ್ಜಿಗಳು ವಜಾ, 19ಕ್ಕೆ ಸುಪ್ರೀಂ ಕೋರ್ಟಿನಲ್ಲೂ ವಜಾ. ಇದು ಸರ್ಕಾರದ ಕಾರ್ಯಕ್ರಮ, ಸರ್ಕಾರ ಅವರಿವರೆಂದು ಭೇದ ಮಾಡಲಾಗದು ಅನ್ನುವ ಮಾತು ಅಲ್ಲಿ ಬಂತೆಂದು ಮೊಮ್ಮಗಳು ಓದಿ ಹೇಳಿದಾಗ ನನಗೆ ಥಟ್ಟನೆ ಜವಾನರ ಪಂಕ್ತಿಭೇದ ಕೇಳಿಸಿತು. ಅರ್ಜಿದಾರರು ಇದು ಧಾರ್ಮಿಕ ಅಂದರು, ಸರ್ಕಾರ ನಾಡಹಬ್ಬ ಅಂದಿತು. ಮೂವತ್ತೆಂಟು ವರ್ಷ ಕರ್ಪೂರದ ಹೊಗೆಯಲ್ಲಿ ಲೆಕ್ಕ ಬರೆದ ನನಗೆ ಎರಡನ್ನೂ ಬಿಡಿಸಿ ಬೇರೆ ಇಡುವ ಕಲೆ ಬರಲಿಲ್ಲ. 22ರ ಬೆಳಿಗ್ಗೆ ಆ ಹೆಣ್ಣುಮಗಳು ದೇವಿಗೆ ಹೂ ಹಾಕಿದ್ದನ್ನು ನೋಡಿ ನಮ್ಮ ಮನೆಯವಳು ‘ಹಾಕಬಾರದಿತ್ತು’ ಅಂದಳು. ಹಾಕಬಾರದಿತ್ತು ಅಂದವರು ಬೆಟ್ಟದ ಆ ಕಡೆಯಲ್ಲೂ ಇದ್ದರು.

ಅದೇ ವಾರ ಮನೆಗೆ ಸುಣ್ಣಬಣ್ಣ ಹೊಡೆಸಲು ಅಟ್ಟದಿಂದ ಟ್ರಂಕು ಇಳಿಸಿದೆವು. ತಾಮ್ರದ ಲೋಟ, ಅಮ್ಮಿಯ ಪಾನದಾನಿ, ಹಳೇ ಕೌದಿಯ ಕೆಳಗೆ ನುಸಿಗುಳಿಗೆಯ ವಾಸನೆ ಹೊಡೆಯುವ ಒಂದು ಸುರುಳಿ ಸಿಕ್ಕಿತು. ಮೊಮ್ಮಗಳು ಬಿಡಿಸಿದಳು. 1977ರ ಕ್ಯಾಲೆಂಡರು. ಕಾಬಾದ ನಡುವೆ ಹೆಬ್ಬೆರಳಗಲದ ಕಂದು ಕಲೆ. ‘ಇದೇನಾ?’ ಅಂದಳು. ಇದೇ ಅಂದೆ. ಕಾಬಾದ ಚಿತ್ರ, ರದ್ದಿಗೆ ಹಾಕುವಂತಿಲ್ಲ. ಕುಂಕುಮ ಹತ್ತಿದೆ, ಗೋಡೆಗೆ ಹಾಕಲು ನಮ್ಮ ಮನೆಯವಳು ಬಿಡಳು. ಬಣ್ಣ ಹೊಡೆಯಲು ಬಂದಿದ್ದ ಹುಡುಗ ಏಣಿಯ ಮೇಲಿಂದ ‘ಎತ್ತಿಡ್ತೀರಾ ದಾದಾ, ಪೇಂಟು ಬೀಳುತ್ತೆ’ ಅಂದ. ಮೊಮ್ಮಗಳು ಮತ್ತೆ ಸುರುಳಿ ಸುತ್ತಿ, ಎರಡು ಹೊಸ ನುಸಿಗುಳಿಗೆ ಹಾಕಿ ಟ್ರಂಕು ಮುಚ್ಚಿದಳು.