ಚೆನ್ನೈದಿಂದ ಅಕ್ಕಗ

ಅಕ್ಕಾ,

ಅಪ್ಪಗ ಈಗಷ್ಟೇ ನಿದ್ದಿ ಹತ್ಯದ. ರಾತ್ರಿ ಹನ್ನೆರಡು ದಾಟ್ಯದ, ಆದ್ರೂ ಸೆಕಿ ಕಡಿಮಿ ಆಗವಲ್ದು. ನನಗ ನಿದ್ದಿ ಬರವಲ್ದು, ಅದಕ್ಕ ಬರೀಲತ್ತೀನಿ. ಮೊದಲ ಸುದ್ದಿ: ಕಣ್ಣಿನ ಪಟ್ಟಿ ಬಿಚ್ಯಾರ. ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ತಾರೀಕು ಅಪ್ಪ ತಾನೇ ಓದ್ಯಾನ. ಅವ್ವಗ ಹೇಳು, ಅಳಬ್ಯಾಡ ಅನ್ನು.

ಸಮುದ್ರ ನೋಡಿದ್ವಿ. ಟಿವ್ಯಾಗ ಇರೋಹಂಗೇ ಅದ.

ರೊಟ್ಟಿದೇ ದೊಡ್ಡ ಕಥಿ. ನೀ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಗುಂತಕಲ್ ದಾಟೋದ್ರಾಗೇ ಅಪ್ಪ ಡಬ್ಬಿ ಮಂದಿಗೆಲ್ಲ ಹಂಚಿ ಮುಗಿಸ್ದ. ಇಲ್ಲಿ ಬಂದು ಅನ್ನ ಒಲ್ಲೆ, ಇಡ್ಲಿ ಒಲ್ಲೆ, ‘ಹೊಟ್ಟಿ ಉಬ್ಬತದ, ತುಂಬಂಗಿಲ್ಲ’ ಅಂತ ಹಟ. ಲಾಡ್ಜಿನ ಕೆಳಗ ಒಬ್ಬ ಅಮ್ಮ ಮೆಸ್ ನಡಸ್ತಾರ. ಅವರಿಗೆ ಕನ್ನಡ ಬರಂಗಿಲ್ಲ, ನಮಗ ತಮಿಳು ಬರಂಗಿಲ್ಲ. ಅಪ್ಪ ಉಣ್ಣಲಾರದೆ ಏಳೋದು ನೋಡಿ ನೋಡಿ, ಎಲ್ಲಿಂದಲೋ ಜ್ವಾಳದ ಹಿಟ್ಟು ತರಿಸಿಟ್ಟಾರ. ಆದ್ರ ಬಡಿಯೋರು ಯಾರು? ಮನ್ಯಾಗ ಒಂದಿನ ಒಲಿ ಮುಂದ ಕೂಡಲಾರದ ಮನಷ್ಯಾ, ಕರೀ ಕನ್ನಡಕ ಹಾಕ್ಕೊಂಡು ಅವರ ಅಡಗಿಮನ್ಯಾಗ ಹೊಕ್ಕು ತಾನೇ ಬಡೀಲತ್ತ! ಮೊದಲಂದು ಹರದು ಮೂರು ತುಂಡಾಯ್ತು. ಆ ಅಮ್ಮ ನಕ್ಕು, ನೋಡಿ, ಎರಡನೇದು ತಾವೇ ಬಡದ್ರು, ನಿನ್ನ ರೊಟ್ಟಿಕಿಂತ ತುಸು ದಪ್ಪ ಅಷ್ಟೇ. ರೊಕ್ಕ ಕೊಟ್ರ ಕೈ ಹಿಂದ ಮಾಡ್ಕೊಂಡ್ರು. ಡಾಕ್ಟರು ಒಲಿ ಹತ್ರ ಹೋಗಬ್ಯಾಡ ಅಂದಿದ್ರು. ಇದು ಅವ್ವಗ ಹೇಳಬ್ಯಾಡ.

ತೊಗರಿ ಈಗೇ ಅಡತಿಗೆ ಒಯ್ಯಬ್ಯಾಡ ಅಂತ ಸಣ್ಣಾವಗ ಹೇಳು, ನಾ ಬಂದ ಮ್ಯಾಲ ನೋಡಮು.

ಇವತ್ತ ಸೇಂಟ್ ಜಾರ್ಜ್ ಕೋಟಿಗೆ ಹೋಗಿದ್ವಿ. ಒಳಗ ಸೇಂಟ್ ಮೇರಿ ಚರ್ಚ್, 1680ರದು; ಕ್ಲೈವನ ಮದುವಿ ಆಗಿದ್ದು ಅಲ್ಲೇ. ತೋಪಿನ ಗುಂಡಿಗೆ ಜಗ್ಗಬಾರದಂತ ಚಾವಣಿ ಭಾಳ ದಪ್ಪ ಕಟ್ಯಾರ, ಒಳಗ ತಂಪದ, ಅಪ್ಪ ಅಲ್ಲೇ ಕುಂತುಬಿಟ್ಟ. ಸತ್ತವರ ನೆನಪಿನ ಕಲ್ಲು ಭಾಳ ಅಲ್ಲಿ. ಅದ್ರಾಗ ಒಬ್ಬ ಜೋಸೆಫ್ ಮೂರ್‌ಹೌಸ್. ಸಾದಾ ಸಿಪಾಯಿ ಆಗಿ ಸೇರಿ ತೋಪಖಾನಿಯ ಲೆಫ್ಟಿನೆಂಟ್ ಕರ್ನಲ್ ತನಕ ಏರಿದವ. ಟಿಪ್ಪು ಸಂಗಡ ನಡೆದ ಲಡಾಯಿದಾಗ, 1791ರ ಮಾರ್ಚ್ 7ಕ್ಕ, ಬೆಂಗಳೂರು ಪ್ಯಾಟಿ ಅಗಸಿ ಒಡಿಯೋ ಹೊತ್ತಿನಾಗ ಗುಂಡು ಬಡದು ಸತ್ತ. ಕಂಪನಿ ತನ್ನ ರೊಕ್ಕದಾಗ ಇಲ್ಲಿ ಸ್ಮಾರಕ ಮಾಡಿಸ್ಯದ. ರಾಬರ್ಟ್ ಹೋಮ್ ಅನ್ನೋ ಚಿತ್ರಗಾರ ಆ ಸಾವಿನ ಚಿತ್ರ ಬರದಾನ, ಅದು ಲಂಡನ್ನಿನ ಮ್ಯೂಸಿಯಂದಾಗ ಅದ. ನಮ್ಮ ಬೆಂಗಳೂರಿನ ಬಾಗಿಲಾಗ ಸತ್ತವನ ಹೆಸರು ಈ ಊರಾಗ ನೋಡಿ ನನಗ ಮೈ ಝುಂ ಅಂತು.

ಅಪ್ಪ ಕೇಳ್ದ, ‘ಆಗ ನಮ್ಮ ಕಡ್ಯವರು ಯಾರ ಸಂಗಡ ಇದ್ರು?’ ನಿಜಾಮ ಇಂಗ್ಲಿಷರ ಸಂಗಡ, ಮರಾಠರೂ ಅಲ್ಲೇ ಅಂದೆ. ‘ಹಂಗಾದ್ರ ಇವ ನಮ್ಮ ಕಡ್ಯವನೇ ಆದ’ ಅಂದು ನಕ್ಕ. ಆಮ್ಯಾಲ, ‘ಕೋಟಿ ಕಾಯೋರು?’ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟಿ ಬಿತ್ತು, ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡಕೋತ ಸತ್ತ ಅಂದೆ. ಅವನ ಹೆಸರು ಇಲ್ಲಿ ಹುಡುಕೋದ್ರಾಗ ಅರ್ಥಿಲ್ಲ. ಗೆದ್ದವರು ತಮ್ಮವರಿಗಷ್ಟೇ ಕಲ್ಲು ಹಾಕ್ಸತಾರ. ಆದ್ರೂ ಕರೇ ಹೇಳ್ಲಾ, ಕೆಳಗಿನಿಂದ ಮ್ಯಾಲೆ ಬಂದ ಆ ಮೂರ್‌ಹೌಸ್ ನನಗ ಹಿಡಿಸ್ದ. ಅಪ್ಪಗ ಒಂದೇ ಚಿಂತಿ: ‘ಅವನ ಹೇಣ್ತಿ ಮಕ್ಕಳಿಗೆ ಪಿಂಚಣಿ ಸಿಕ್ತೇನು?’

ಈಗ ಚೆಂಗಲ್‌ಪಟ್ಟು ನೋಡಮು ಅಂತ ಹಟ. 1858ರಾಗ ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕಗ ಅಲ್ಲಿಯ ಸೆರಿಗೆ ಒಯ್ಯಲತ್ತಿದ್ರು, ಮುಟ್ಟಲಿಲ್ಲ, ದಾರ್ಯಾಗೇ ಗುಂಡಿಗೆ ಸತ್ತ. ಕಣ್ಣು ಆರೋತನಕ ಎಲ್ಲಿಗೂ ಇಲ್ಲ ಅಂದೀನಿ, ಅವ ಕೇಳಬೇಕಲ್ಲ. ವಾಪಸ್ ಟಿಕೀಟಿಗೆ ಕೆಳಗಿನ ಬರ್ತ್ ಸಿಕ್ಕಿಲ್ಲ ಇನ್ನೂ, ಕಲಬುರಗಿ ಸ್ಟೇಷನ್ನಿಗೆ ಜೀಪು ಕಳಸೋದಾದ್ರ ಮಾವಗ ಮೊದಲೇ ಹೇಳಿಡು, ಇಲ್ಲಾಂದ್ರ ಆಳಂದ ಬಸ್ಸಿಗೇ… ಅಪ್ಪ ಎದ್ದ, ಕಣ್ಣಿಗೆ ಹನಿ ಹಾಕೋ ಟೈಮ್ ಆಯ್ತು, ಆ ಬಾಟಲಿ ಎಲ್ಲಿ ಇಟ್ಟೀನೋ