ತೆಗೆಸಿದವಳಿಗೂ ಹದಿನೈದು ದಿನ ಬೇಕು



ಹೆತ್ತವಳಿಗೆ ಬಾಣಂತನ ಇದೆ. ಬಿಸಿನೀರು, ಬೆಳ್ಳುಳ್ಳಿ ಸಾರು, ನೋಡ್ಕೊಳ್ಳೋಕೆ ಅವ್ವ. ತೆಗೆಸಿದವಳಿಗೆ? ಮಾರನೇ ದಿನ ಬೆಳಿಗ್ಗೆ ಕೈಗೆ ಪೊರಕೆ. ಗರ್ಭಪಾತದ ಹಕ್ಕಿನ ಬಗ್ಗೆ ನಮ್ಮ ಸಭೆಗಳಲ್ಲಿ ಆಗೀಗ ಮಾತು ಬರುತ್ತೆ. ಮಾತ್ರೆ ನುಂಗಿದ ಮೇಲಿನ ದಿನಗಳ ಬಗ್ಗೆ ಯಾರೂ ಮಾತಾಡಲ್ಲ. ಅದಕ್ಕೇ ಈ ಪೋಸ್ಟು. ಗಂಡಸರೂ ಓದಿ.

ನನ್ನದೇ ಹೇಳ್ತೀನಿ. ಎರಡು ಮಕ್ಕಳಾದ ಮೇಲೆ ಮತ್ತೆ ನಿಂತಿತ್ತು, ಏಳು ವಾರ. ನಾನೂ ನಮ್ಮನೆಯವರೂ ಕೂತು ಮಾತಾಡಿ ಬೇಡ ಅಂತ ತೀರ್ಮಾನ ಮಾಡಿದ್ವಿ. ಮೊದಲು ಹೋದ ಕಡೆ "ಜೊತೆಗೆ ಆಪರೇಷನ್ ಮಾಡಿಸ್ಕೊಂಡ್ರೆ ಮಾತ್ರ" ಅಂದ್ರು. ಆ ಷರತ್ತು ಯಾವ ಕಾನೂನಲ್ಲೂ ಇಲ್ಲ. ಎರಡನೇ ಕಡೆ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, ರಕ್ತ ಪರೀಕ್ಷೆ ಮಾಡಿಸಿ, ಮೊದಲ ದಿನ ಒಂದು ಮಾತ್ರೆ, ಮೂರನೇ ದಿನ ಉಳಿದವು, ಹದಿನೈದನೇ ದಿನ ಬಂದು ತೋರಿಸು ಅಂತ ಚೀಟೀಲಿ ಬರೆದು ಕೊಟ್ರು.

ಮೂರನೇ ದಿನ ಹೊಟ್ಟೆ ನೋವು ಜೋರಾಗಿತ್ತು. ಆಮೇಲೆ ಹತ್ತು ದಿನ ಹೋಗ್ತಾ ಇತ್ತು, ದಿನದಿಂದ ದಿನಕ್ಕೆ ಕಮ್ಮಿ ಆಗ್ತಾ. ಸುಸ್ತು, ಕೆಲವು ಸಲ ಕಾರಣ ಇಲ್ಲದೆ ಅಳು, ಅದರ ಜೊತೆಗೇ ಒಂದು ನಿರಾಳ.

ನಾನು ಕ್ಲರ್ಕ್. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಕಲಂ ನನಗೆ ಗೊತ್ತಿತ್ತು: ಗರ್ಭ ಇಳಿದುಹೋದ್ರೂ, ಕಾನೂನು ಪ್ರಕಾರ ತೆಗೆಸಿದ್ರೂ ಆರು ವಾರ ಸಂಬಳದ ರಜೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದನ್ನ ಇಟ್ಟಿದ್ದಾರೆ. ಸರ್ಟಿಫಿಕೇಟ್ ಲಗತ್ತಿಸಿ ಅರ್ಜಿ ಕೊಟ್ಟೆ. "ಹೆರಿಗೇನೇ ಆಗಿಲ್ಲ, ಹೆರಿಗೆ ರಜೆ ಎಲ್ಲಿಂದ ಬಂತಮ್ಮಾ?" ಅಂದ್ರು. ಕಲಮಿನ ಜೆರಾಕ್ಸ್ ಟೇಬಲ್ ಮೇಲಿಟ್ಟೆ. ರಜೆ ಸಿಕ್ತು. ಸಂಜೆಯೊಳಗೆ ಇಡೀ ಆಫೀಸಿಗೆ ಸುದ್ದೀನೂ ಆಯ್ತು. "ನಿಮ್ಮ ಕಡೆಯೋರಿಗೆ ಇದೆಲ್ಲ ಮಾಮೂಲಿ ಅಲ್ವಾ" ಅಂತ ಒಬ್ಬರು ನಕ್ಕರು. ಹೆಂಗಸಿನ ಹೆಸರು, ವಿವರ ಡಾಕ್ಟರು ಬಯಲು ಮಾಡಬಾರದು ಅಂತ 2021ರ ತಿದ್ದುಪಡಿಯಲ್ಲಿ ಬರೆದಿದೆ. ಆ ಕಲಂ ಆಸ್ಪತ್ರೆ ದಾಟಿ ಆಫೀಸಿನ ಟೇಬಲ್ ತನಕ ಬರಲ್ಲ.

ಆದ್ರೂ ನನಗೆ ರಜೆ ಅನ್ನೋದೊಂದು ಇತ್ತು. ನಮ್ಮ ಕೇರಿಯ ಒಬ್ಬ ತಂಗಿಗೆ ಅದೂ ಇರಲಿಲ್ಲ. ಗಂಡ ಮೆಡಿಕಲ್ ಶಾಪಿಂದ ಮಾತ್ರೆ ತಂದುಕೊಟ್ಟ. ಎಷ್ಟು ದಿನ ಹೋಗುತ್ತೆ, ಎಷ್ಟು ಹೋದ್ರೆ ಹೆದರಬೇಕು, ಯಾರೂ ಹೇಳಲಿಲ್ಲ. ಮೂರನೇ ದಿನದಿಂದಲೇ ರಾಗಿ ಹೊಲದಲ್ಲಿ ಕಳೆ ಕೀಳೋಕೆ ಹೋದ್ಲು. ಇಪ್ಪತ್ತು ದಿನ ಆದ್ರೂ ನಿಲ್ಲಲಿಲ್ಲ, ಹೊಲದಲ್ಲೇ ಬಿದ್ಲು. ಹಿಮೋಗ್ಲೋಬಿನ್ 6. ಪೂರ್ತಿ ಹೋಗಿರಲಿಲ್ಲ, ಒಳಗೆ ಸ್ವಲ್ಪ ಉಳಿದಿತ್ತು. ಕ್ಲೀನ್ ಮಾಡಿ, ಎರಡು ಬಾಟಲ್ ರಕ್ತ ಹಾಕಿದ್ರು. ಹದಿನೈದನೇ ದಿನ ಒಬ್ಬ ನರ್ಸಮ್ಮ ನೋಡಿದ್ರೂ ಗೊತ್ತಾಗ್ತಿತ್ತು. "ಯಾಕಮ್ಮಾ ತೋರಿಸಲಿಲ್ಲ?" ಅಂದೆ. "ಅಕ್ಕಾ, ಬಸ್ಸೇನೋ ಫ್ರೀ, ಕೂಲಿ ಯಾರು ಕೊಡ್ತಾರೆ?" ಅಂದ್ಲು.

ನಮ್ಮ ರಾಜ್ಯದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ. ರಕ್ತ ಮೊದಲೇ ಕಮ್ಮಿ ಇರೋ ಮೈಗೆ ಈ ಹದಿನೈದು ದಿನ ದೊಡ್ಡದು. ಅದಕ್ಕೆ ಇದನ್ನ ಉಳಿಸಿಟ್ಕೊಳ್ಳಿ:

ಒಂದೆರಡು ವಾರ ರಕ್ತ, ಕಲೆ ಕಾಣೋದು ಸಹಜ. ಮೊದಲ ದಿನ ಗಡ್ಡೆ ಗಡ್ಡೆ ಹೋಗೋದೂ ಸಹಜ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದು: ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು ಹೀಗೇ ಎರಡು ಗಂಟೆ ಹೋದ್ರೆ. ಕೊನೇ ಮಾತ್ರೆ ತಗೊಂಡು ಒಂದು ದಿನ ಕಳೆದ ಮೇಲೂ 100.4ಕ್ಕಿಂತ ಜಾಸ್ತಿ ಜ್ವರ ಇದ್ರೆ. ಕೆಟ್ಟ ವಾಸನೆ ಇದ್ರೆ. ಮಾತ್ರೆಗೂ ಬಗ್ಗದ ಹೊಟ್ಟೆ ನೋವು, ತಲೆಸುತ್ತು ಬಂದ್ರೆ. ಎಲ್ಲ ಮಾತ್ರೆ ತಗೊಂಡು ಒಂದು ದಿನ ಆದ್ರೂ ರಕ್ತಾನೇ ಬರದಿದ್ರೆ.

ಮೂತ್ರ ಪರೀಕ್ಷೆಯ ಕಿಟ್ ಮೂರ್ನಾಲ್ಕು ವಾರ ಎರಡು ಗೀಟು ತೋರಿಸಬಹುದು. ಅದನ್ನ ನೋಡಿ ಮತ್ತೆ ಮಾತ್ರೆ ನುಂಗಬೇಡಿ, ಡಾಕ್ಟರಿಗೆ ತೋರಿಸಿ.

ಮುಟ್ಟು ಬರೋ ಮೊದಲೇ ಮತ್ತೆ ಬಸಿರು ನಿಲ್ಲಬಹುದು. ಏನು ಹಾಕಿಸ್ಕೊಳ್ಳಬೇಕು ಅಂತ ಮೊದಲ ದಿನವೇ ಕೇಳಿ. ಆರಿಸ್ಕೊಳ್ಳೋಳು ನೀವು.

18 ತುಂಬಿದವಳಿಗೆ ಅವಳ ಒಪ್ಪಿಗೆ ಸಾಕು, ಗಂಡನ ಸಹಿ ಕಾನೂನು ಕೇಳಲ್ಲ. ಮದುವೆ ಆಗದವಳಿಗೂ ಈ ಹಕ್ಕಿದೆ. ಮಾತ್ರೆ ಎಲ್ಲಿಂದ ತಂದಿದ್ರೂ ತೊಂದರೆ ಆದಾಗ ಚಿಕಿತ್ಸೆ ಸಿಗಲೇಬೇಕು. ಬೈತಾರೆ ಅಂತ ಮನೇಲಿ ಕೂರಬೇಡಿ.

1928ರಲ್ಲಿ ಮುಂಬೈ ಶಾಸನ ಪರಿಷತ್ತಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರ ನಿಂತ್ರು. ಹೆರಿಗೆಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಖರ್ಚನ್ನ ಮಾಲೀಕರೂ ಹೊರಬೇಕು ಅಂತ ವಾದ ಮಾಡಿದ್ರು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಆಗ ಅದೇ ಮುಂಬೈ ಪ್ರಾಂತ್ಯದಲ್ಲಿದ್ವು. ಸುಮಾರು ನೂರು ವರ್ಷ ಆಯ್ತು. ಹೊಲದಲ್ಲಿ, ಮನೆಗೆಲಸದಲ್ಲಿ ಇರೋ ನಮ್ಮ ಹೆಂಗಸರಿಗೆ ಆ ವಿಶ್ರಾಂತಿಯ ಕೂಲಿ ಕೊಡೋಕೆ ಇನ್ನೂ ಯಾರೂ ಇಲ್ಲ.

ಸರ್ಕಾರದ ಹತ್ರ ಕೇಳೋದು ಕೇಳೋಣ: ಅಸಂಘಟಿತ ಕಾರ್ಮಿಕರಿಗೂ ಆ ದಿನಗಳ ಕೂಲಿ, ಹದಿನೈದನೇ ದಿನ ಆಸ್ಪತ್ರೆಯಿಂದಲೇ ವಿಚಾರಿಸೋ ವ್ಯವಸ್ಥೆ. ಅಲ್ಲಿವರೆಗೆ ಪ್ರತಿ ಕೇರಿಯ ಮಹಿಳಾ ಸಂಘದಲ್ಲಿ ಇಬ್ಬರು ಈ ಕೆಲಸಕ್ಕೆ ನಿಲ್ಲಿ. ಗುಟ್ಟು ಬಿಡದೆ, ಕಾರಣ ಕೇಳದೆ, ಅವಳ ಜೊತೆ ಆಸ್ಪತ್ರೆಗೆ ಹೋಗಿ ಬನ್ನಿ. ಗಂಡಂದಿರೇ, ಆ ಹದಿನೈದು ದಿನ ನೀರು ನೀವು ಹೊರಿ, ಮುದ್ದೆ ನೀವು ತಿರುವಿ.

ಜೈ ಭೀಮ್.